ಕರ್ತನ ಪ್ರಾರ್ಥನೆ: ಸಾಲು ಸಾಲಾಗಿ ಪ್ರಾರ್ಥಿಸುವ ಬಗೆ

‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಶುರುವಾಗುವ ಪ್ರಾರ್ಥನೆ ಬಾಯಿಗೆ ಬಾರದ ಕ್ರೈಸ್ತರು ಇಲ್ಲವೆಂದೇ ಹೇಳಬೇಕು. ಭಾನುವಾರದ ಆರಾಧನೆಯಲ್ಲಿ, ಕ್ಯಾಥೊಲಿಕರ ಬಲಿಪೂಜೆಯಲ್ಲಿ, ಮದುವೆಯಲ್ಲಿ, ಮಣ್ಣಿಗೆ ಹೋದಲ್ಲಿ, ರಾತ್ರಿಯ ಕುಟುಂಬ ಪ್ರಾರ್ಥನೆಯಲ್ಲಿ ಎಲ್ಲೆಡೆಯೂ ಇದೇ. ಒಂದೇ ಓಟದಲ್ಲಿ ಹೇಳಿದರೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಹಾಗೆ ಹೇಳಿ ಎದ್ದ ಮೇಲೆ ಏನೇನು ಕೇಳಿಕೊಂಡೆವು ಎಂದು ಯೋಚಿಸಿದರೆ ಆಹಾರವೊಂದು ಬಿಟ್ಟು ಉಳಿದದ್ದು ನೆನಪಿಗೆ ಬರುವುದೇ ಕಷ್ಟ. ಆದರೆ ಇದು ಬೇಡುವವರಿಗೇ ಕೆಲಸ ಹಚ್ಚುವ ಪ್ರಾರ್ಥನೆ. ಒಂದೊಂದು ಬೇಡಿಕೆಯಲ್ಲೂ ದೇವರು ಮಾಡಬೇಕಾದದ್ದಿದೆ, ನಾವು ಮಾಡಬೇಕಾದದ್ದೂ ಇದೆ. ಎರಡೂ ಕಣ್ಣಿಗೆ ಬೀಳುವಂತೆ ಇದನ್ನು ಪ್ರಾರ್ಥಿಸುವ ಕ್ರಮವನ್ನು ಇಲ್ಲಿ ಕೊಟ್ಟಿದ್ದೇವೆ.

ಮೊದಲು ಬೈಬಲ್ ತೆರೆಯಿರಿ

ಪ್ರಾರ್ಥನೆ ಇರುವುದು ಮತ್ತಾಯ 6:9–13ರಲ್ಲಿ. ಇದರ ಚಿಕ್ಕ ರೂಪ ಲೂಕ 11:2–4ರಲ್ಲಿ. ಮತ್ತಾಯದಲ್ಲಿ ಆ ಐದು ವಚನಗಳನ್ನಷ್ಟೇ ಓದಬೇಡಿ, 5ನೇ ವಚನದಿಂದ 15ರವರೆಗೆ ಓದಿ. ಮುಂದಿನ ಹೆಜ್ಜೆಗಳೆಲ್ಲ ನಿಂತಿರುವುದು ಆ ಸುತ್ತಲಿನ ಮಾತುಗಳ ಮೇಲೆ. ಜನರಿಗೆ ಕಾಣಲೆಂದು ಪ್ರಾರ್ಥಿಸಬೇಡಿ, ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಳ್ಳಿ, ಹೇಳಿದ್ದನ್ನೇ ಸುಮ್ಮನೆ ಹೇಳುತ್ತ ಹೋಗಬೇಡಿ, ನಿಮಗೆ ಏನು ಬೇಕೆಂದು ಕೇಳುವ ಮೊದಲೇ ತಂದೆಗೆ ಗೊತ್ತಿದೆ ಎಂದು ಯೇಸು ಹೇಳಿದ ಬೆನ್ನಿಗೇ ಈ ಪ್ರಾರ್ಥನೆ ಬರುತ್ತದೆ. ಲೂಕನಲ್ಲಿ ಸಂದರ್ಭ ಬೇರೆ. ಸ್ನಾನಿಕ ಯೋಹಾನನು ತನ್ನ ಶಿಷ್ಯರಿಗೆ ಕಲಿಸಿದಂತೆ ನಮಗೂ ಪ್ರಾರ್ಥನೆ ಕಲಿಸು ಎಂದು ಒಬ್ಬ ಶಿಷ್ಯ ಕೇಳುತ್ತಾನೆ. ಅಂದರೆ ಪ್ರಾರ್ಥನೆ ಬರುವುದಿಲ್ಲ ಎನ್ನುವವರಿಗೆಂದೇ ಕೊಟ್ಟದ್ದು ಇದು.

ಬೇಡಿಕೆಗಳು ಏಳು ಎಂದು ಕ್ಯಾಥೊಲಿಕರೂ ಲೂಥರನ್ನರೂ ಎಣಿಸುತ್ತಾರೆ. ಕೊನೆಯ ಎರಡನ್ನು ಒಂದಾಗಿ ಹಿಡಿದು ಆರು ಎನ್ನುವ ಸಂಪ್ರದಾಯವೂ ಉಂಟು. ಹೇಗೆ ಎಣಿಸಿದರೂ ಮೊದಲ ಮೂರು ದೇವರ ನಾಮ, ರಾಜ್ಯ, ಚಿತ್ತಕ್ಕೆ ಸೇರಿದವು. ನಮ್ಮ ಹೊಟ್ಟೆ, ನಮ್ಮ ತಪ್ಪು, ನಮ್ಮ ಭಯ ಬರುವುದು ಆಮೇಲೆ. ನಾವು ಸ್ವಂತ ಮಾತಿನಲ್ಲಿ ಪ್ರಾರ್ಥಿಸುವಾಗ ಈ ಕ್ರಮ ಸಾಮಾನ್ಯವಾಗಿ ತಲೆಕೆಳಗಾಗಿರುತ್ತದೆ: ಸಾಲ, ಕಾಯಿಲೆ, ಪರೀಕ್ಷೆ ಮೊದಲು, ಸಮಯ ಉಳಿದರೆ ದೇವರ ರಾಜ್ಯ. ಕ್ರಮವನ್ನು ಮತ್ತೆ ನೆಟ್ಟಗೆ ಮಾಡಿಕೊಳ್ಳುವುದು ಈ ಅಭ್ಯಾಸದ ಮೊದಲ ಪ್ರಯೋಜನ.

ಪಠ್ಯ ಯಾವುದಾದರೂ ಆಗಬಹುದು. ‘ನಿನ್ನ ನಾಮ’ ಎನ್ನುವ ಸಭೆಗಳಿವೆ, ‘ನಿಮ್ಮ ನಾಮ’ ಎನ್ನುವ ಧರ್ಮಕೇಂದ್ರಗಳಿವೆ. ನಿಮ್ಮ ನಾಲಿಗೆಗೆ ಒಗ್ಗಿದ್ದನ್ನೇ ಇಟ್ಟುಕೊಳ್ಳಿ. ಇಲ್ಲಿ ಹಳೆಯ ಕನ್ನಡ ಬೈಬಲಿನ ರೂಪವನ್ನು ಬಳಸಿದ್ದೇವೆ.

ಹೊತ್ತು ಮತ್ತು ಜಾಗ

ದಿನಕ್ಕೆ ಒಂದು ಸಲ ಹದಿನೈದರಿಂದ ಇಪ್ಪತ್ತು ನಿಮಿಷ ಎತ್ತಿಡಿ. ಮನೆಯಲ್ಲಿ ಬೇರೆ ಕೋಣೆ ಇಲ್ಲದಿದ್ದರೆ ಎಲ್ಲರೂ ಏಳುವ ಮುಂಚಿನ ಹೊತ್ತು, ಇಲ್ಲವೇ ಕೆಲಸಕ್ಕೆ ಹೋಗುವ ಬಸ್ಸಿನ ಕಿಟಕಿ ಪಕ್ಕದ ಸೀಟೂ ಆದೀತು. ಬೆಳಿಗ್ಗೆ ಎದ್ದು ಮೊದಲು ಮೊಬೈಲ್ ನೋಡಿ ಆಮೇಲೆ ಕುಳಿತರೆ ಮನಸ್ಸು ಹಿಡಿತಕ್ಕೆ ಬರುವುದಿಲ್ಲ. ಪ್ರಾರ್ಥನೆ ಮೊದಲು, ಮೊಬೈಲ್ ಆಮೇಲೆ ಎಂಬುದನ್ನು ನಿಯಮವಾಗಿಯೇ ಪಾಲಿಸಿ. ‘ದಿದಖೆ’ ಎಂಬ ಆದಿ ಸಭೆಯ ಕೈಪಿಡಿ ಈ ಪ್ರಾರ್ಥನೆಯನ್ನು ದಿನಕ್ಕೆ 3 ಸಲ ಹೇಳಲು ತಿಳಿಸುತ್ತದೆ. ಒಂದು ಸಲ ನಿಧಾನವಾಗಿ, ಮಧ್ಯಾಹ್ನ ಮತ್ತು ರಾತ್ರಿ ಎಂದಿನಂತೆ ಎಂದು ಹಂಚಿಕೊಂಡರೆ ಆ ಹಳೆಯ ಪದ್ಧತಿಯೂ ಉಳಿಯುತ್ತದೆ, ಹೊರೆಯೂ ಆಗದು.

ನಿಧಾನವಾಗಿ ಹೇಳುವುದಕ್ಕೆ ಎರಡು ಹಳೆಯ ದಾರಿಗಳಿವೆ. ಮಾರ್ಟಿನ್ ಲೂಥರ್ 1535ರಲ್ಲಿ ತನ್ನ ಕ್ಷೌರಿಕ ಪೀಟರನಿಗೆ ಬರೆದುಕೊಟ್ಟದ್ದು ಒಂದು: ಒಂದೊಂದು ಬೇಡಿಕೆಯನ್ನು ಹೇಳು, ಅದನ್ನು ನಿನ್ನ ಮಾತಿನಲ್ಲಿ ಬಿಡಿಸಿ ಪ್ರಾರ್ಥಿಸು, ಮುಂದಕ್ಕೆ ಹೋಗು. ಒಂದೇ ಬೇಡಿಕೆಯಲ್ಲಿ ಒಳ್ಳೆಯ ಯೋಚನೆಗಳು ಉಕ್ಕಿ ಬಂದರೆ ಉಳಿದವನ್ನು ಬಿಟ್ಟು ಸುಮ್ಮನೆ ಆಲಿಸು ಎನ್ನುತ್ತಾನೆ. ಒಳ್ಳೆಯ ಕ್ಷೌರಿಕ ಕಣ್ಣು ಮನಸ್ಸು ಎರಡನ್ನೂ ಕತ್ತಿಯ ಮೇಲೆ ಇಡಬೇಕು, ಹರಟುತ್ತ ಅತ್ತಿತ್ತ ನೋಡಿದರೆ ಗಿರಾಕಿಯ ಮೂಗನ್ನೋ ಕೊರಳನ್ನೋ ಕೊಯ್ದಾನು, ಪ್ರಾರ್ಥನೆಗೂ ಅದೇ ಗಮನ ಬೇಕು ಎಂಬ ಮಾತೂ ಅಲ್ಲೇ ಇದೆ. ಇನ್ನೊಂದು ಲೊಯೋಲದ ಸಂತ ಇಗ್ನಾಸಿಯವರದು: ಕೂತೋ ಮೊಣಕಾಲೂರಿಯೋ, ಕಣ್ಣು ಮುಚ್ಚಿ, ‘ತಂದೆಯೇ’ ಎಂಬ ಒಂದೇ ಪದದ ಮೇಲೆ, ಅದರಲ್ಲಿ ರುಚಿ ಸಿಗುವಷ್ಟು ಹೊತ್ತು ನಿಲ್ಲುವುದು, ಹೊತ್ತು ಮುಗಿದರೆ ಉಳಿದ ಭಾಗವನ್ನು ಮಾಮೂಲಾಗಿ ಹೇಳಿ ಮುಗಿಸುವುದು. ಪ್ರೊಟೆಸ್ಟಂಟರ ಗುರುವೂ ಕ್ಯಾಥೊಲಿಕರ ಸಂತರೂ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಿದ್ದಾರೆ: ಮುಗಿಸುವ ಆತುರ ಬೇಡ.

ಹೊಸಬರು ಲೂಥರನ ದಾರಿಯಿಂದ ಶುರುಮಾಡಿ. ಪದವೊಂದರ ಮೇಲೆ ನಿಲ್ಲಲು ಅಭ್ಯಾಸ ಬೇಕು; ಇಲ್ಲದಿದ್ದರೆ ತೂಕಡಿಕೆ ಬರುತ್ತದೆ.

ಪರಲೋಕದಲ್ಲಿರುವ ನಮ್ಮ ತಂದೆಯೇ

ಇಲ್ಲಿ ಎರಡು ನಿಮಿಷ ನಿಲ್ಲಿ. ‘ನಮ್ಮ’ ಎಂದ ಮೇಲೆ ಆ ಮಾತಿನೊಳಗೆ ಯಾರು ಯಾರು ಬರುತ್ತಾರೆ ಎಂದು ಮೂವರ ಹೆಸರು ಹೇಳಿ: ಮನೆಯವರೊಬ್ಬರು, ಸಭೆಯವರೊಬ್ಬರು, ನಿಮಗೆ ಮಾತು ಬಿಟ್ಟವರೊಬ್ಬರು. ಮೂರನೆಯ ಹೆಸರನ್ನು ತಪ್ಪಿಸಬೇಡಿ. ಕ್ಷಮೆಯ ಸಾಲಿಗೆ ಬಂದಾಗ ಅದು ಬೇಕಾಗುತ್ತದೆ.

ಕೆಲವರಿಗೆ ಈ ಮೊದಲ ಪದವೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕುಡಿದು ಬಂದು ಹೊಡೆದ ಅಪ್ಪ, ಬಿಟ್ಟುಹೋದ ಅಪ್ಪ ಇದ್ದವರಿಗೆ ‘ತಂದೆ’ ಎಂದರೆ ಸಮಾಧಾನ ಬಾರದು. ಅವರಿಗೆ ನಂಬಿಕೆ ಕಡಿಮೆ ಎಂದು ಯಾರೂ ಹೇಳಕೂಡದು. ಮೀನು ಕೇಳಿದ ಮಗನಿಗೆ ಹಾವು ಕೊಡುವ ತಂದೆ ಉಂಟೇ ಎಂದು ಯೇಸು ಲೂಕ 11:11ರಲ್ಲಿ ಕೇಳುತ್ತಾನೆ. ಹಾವು ಕೊಟ್ಟ ಅಪ್ಪನ ಅಳತೆಯಲ್ಲಿ ದೇವರನ್ನು ನೋಡಬೇಕಿಲ್ಲ ಎಂಬ ಬಿಡುಗಡೆ ಆ ಪ್ರಶ್ನೆಯಲ್ಲೇ ಇದೆ. ತಾಯಿ ಮಗನನ್ನು ಸಂತೈಸುವಂತೆ ನಿಮ್ಮನ್ನು ಸಂತೈಸುವೆನು ಎಂಬ ಯೆಶಾಯ 66:13ನ್ನು ಮೊದಲು ಓದಿಕೊಂಡು, ಕೆಲವು ವಾರ ‘ಕರ್ತನೇ’ ಎಂದೇ ಶುರುಮಾಡಿದರೂ ತಪ್ಪಿಲ್ಲ.

ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ

ದೇವರ ನಾಮಕ್ಕೆ ನಮ್ಮಿಂದ ಶುದ್ಧಿ ಬರಬೇಕಿಲ್ಲ, ನಮ್ಮಿಂದ ಕೆಡದಿದ್ದರೆ ಸಾಕು. ತನ್ನ ಜನರಿಂದಲೇ ತನ್ನ ನಾಮಕ್ಕೆ ಅಪಕೀರ್ತಿ ಬಂತು ಎಂದು ಯೆಹೆಜ್ಕೇಲ 36ರಲ್ಲಿ ದೇವರು ನೊಂದುಕೊಳ್ಳುತ್ತಾನೆ. ಚರ್ಚಿನ ಆಸ್ತಿಗಾಗಿ ಕೋರ್ಟು ಹತ್ತುವುದು, ಒಂದೇ ಬೆಂಚಿನಲ್ಲಿ ಕೂತವರು ಹೆಣ್ಣು ಕೊಡುವಾಗ ಜಾತಿ ಕೇಳುವುದು, ಬೈಬಲ್ ವಚನ ಅಂಟಿಸಿದ ಅಂಗಡಿಯಲ್ಲಿ ತೂಕ ತಪ್ಪುವುದು ಇವೆಲ್ಲ ಈ ಬೇಡಿಕೆಗೆ ನೇರವಾಗಿ ಅಡ್ಡ ಬರುವ ಸಂಗತಿಗಳು. ಇವತ್ತು ನನ್ನನ್ನು ನೋಡಿದವರು ನನ್ನ ದೇವರ ಬಗ್ಗೆ ಏನಂದುಕೊಂಡಾರು? ಈ ಒಂದು ಪ್ರಶ್ನೆ ಕೇಳಿಕೊಂಡು ಮುಂದೆ ಹೋಗಿ.

ನಿನ್ನ ರಾಜ್ಯವು ಬರಲಿ, ನಿನ್ನ ಚಿತ್ತವು ನೆರವೇರಲಿ

ಎರಡನ್ನೂ ಜೊತೆಯಾಗಿ ಹಿಡಿಯಬಹುದು. ರಾಜ್ಯ ಎಂದರೆ ಸತ್ತ ಮೇಲೆ ಹೋಗುವ ಜಾಗ ಎಂದಷ್ಟೇ ತಿಳಿಯುವುದು ಮಾಮೂಲಿ ತಪ್ಪು. ಪ್ರಾರ್ಥನೆ ಹೇಳುವುದು ನಾವು ಅಲ್ಲಿಗೆ ಹೋಗಲಿ ಎಂದಲ್ಲ, ಅದು ಇಲ್ಲಿಗೆ ಬರಲಿ ಎಂದು. ‘ಭೂಲೋಕದಲ್ಲಿಯೂ’ ಎಂದು ಬಿಡಿಸಿಯೇ ಹೇಳಿದೆ. ಹಿಂದಿನ ದಿನದ ಪತ್ರಿಕೆಯಿಂದ ಒಂದು ಸುದ್ದಿ ಆರಿಸಿಕೊಳ್ಳಿ. ಕೂಲಿ ಸಿಗದ ಕಾರ್ಮಿಕರು, ಕೊಳೆಗುಂಡಿಯಲ್ಲಿ ಸತ್ತವರು, ಬರಗಾಲ, ಯಾವುದಾದರೂ ಸರಿ. ಆ ಜಾಗಕ್ಕೆ ದೇವರ ಆಳ್ವಿಕೆ ಬಂದರೆ ಏನು ಬದಲಾಗಬೇಕು ಎಂದು ಒಂದು ವಾಕ್ಯದಲ್ಲಿ ಹೇಳಿ ಬೇಡಿಕೊಳ್ಳಿ. ಮರುಕ್ಷಣವೇ ನಿಮ್ಮ ಕೈಗೆಟುಕುವ ಒಂದನ್ನು ಕೇಳಿಕೊಳ್ಳಿ. ಮನೆಗೆಲಸದವರ ಈ ತಿಂಗಳ ಸಂಬಳ ಕೊಟ್ಟಾಯಿತೇ? ಹಿಡಿದಿಟ್ಟ ಕೂಲಿ ಕೂಗುತ್ತದೆ ಎಂದು ಯಾಕೋಬ 5:4 ಹೇಳುತ್ತದೆ.

‘ನಿನ್ನ ಚಿತ್ತ’ ಎಂಬ ಮಾತನ್ನು ನಮ್ಮಲ್ಲಿ ಹೆಚ್ಚಾಗಿ ಸಾವಿನ ಮನೆಯಲ್ಲಿ ಕೇಳುತ್ತೇವೆ. ಅದರಿಂದಾಗಿ ಅದಕ್ಕೆ ‘ಆದದ್ದು ಆಯಿತು’ ಎಂಬ ಅರ್ಥ ಅಂಟಿಕೊಂಡಿದೆ. ಯೇಸು ಸೆರೆಯಾಗುವ ಮುಂಚೆ ಗೆತ್ಸೆಮನೆ ತೋಟದಲ್ಲಿ ಇದೇ ಮಾತನ್ನು ಹೇಳಿದ್ದು (ಮತ್ತಾಯ 26:42) ಸುಮ್ಮನೆ ಕೈಚೆಲ್ಲಿ ಅಲ್ಲ. ಈ ಪಾತ್ರೆ ನನ್ನಿಂದ ತೊಲಗಲಿ ಎಂದು ತನ್ನ ಮನಸ್ಸಿನಲ್ಲಿದ್ದದ್ದನ್ನು ಮೊದಲು ಬಿಚ್ಚಿಟ್ಟ ಮೇಲೆ. ನೀವೂ ಹಾಗೆಯೇ ಮಾಡಿ: ಮೊದಲು ನಿಮಗೆ ಏನು ಬೇಕೆಂದು ಮುಚ್ಚುಮರೆಯಿಲ್ಲದೆ ಹೇಳಿ, ಆಮೇಲೆ ಈ ಸಾಲು. ಅಪಘಾತ, ವೈದ್ಯರ ನಿರ್ಲಕ್ಷ್ಯ, ಹಿಂಸೆ ಇವುಗಳಿಂದ ಆದ ಸಾವಿನ ಮನೆಗೆ ಹೋಗಿ ‘ಎಲ್ಲಾ ದೇವರ ಚಿತ್ತ’ ಎನ್ನಬೇಡಿ. ದೇವರ ಚಿತ್ತ ಇನ್ನೂ ಎಲ್ಲ ಕಡೆ ನೆರವೇರುತ್ತಿಲ್ಲ. ಅದಕ್ಕೇ ನೆರವೇರಲಿ ಎಂದು ಬೇಡುತ್ತಿರುವುದು.

ನಮ್ಮ ಅನುದಿನದ ಆಹಾರ

ಇದರ ಬೇರು ವಿಮೋಚನಕಾಂಡ 16ರಲ್ಲಿದೆ. ಅರಣ್ಯದಲ್ಲಿ ಇಸ್ರಾಯೇಲರಿಗೆ ಮನ್ನ ಎಂಬ ಆಹಾರ ಆಕಾಶದಿಂದ ಬಿದ್ದಾಗ ತಲೆಗೆ ಒಂದು ಓಮೆರ್, ಅಂದರೆ ಸುಮಾರು ಎರಡು ಲೀಟರ್ ಅಳತೆ. ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ಮರುದಿನಕ್ಕೆ ಇಟ್ಟುಕೊಂಡದ್ದು ಹುಳ ಹಿಡಿದು ನಾರಿತು. ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ಪಾಲು. ಈ ಸಾಲಿನಲ್ಲಿರುವ ‘ಈ ಹೊತ್ತು’ ಎಂಬ ಮಾತಿಗೆ ಈ ಹಿನ್ನೆಲೆ ಇದೆ. ಹಾಗೆಂದು ಉಳಿತಾಯ ಪಾಪ, ವಿಮೆ ಮಾಡಿಸುವುದು ಅಪನಂಬಿಕೆ ಎನ್ನುವುದು ಅತಿಯಾಯಿತು. ಇತ್ತ, ಈ ಸಾಲನ್ನು ಹಿಡಿದುಕೊಂಡು ಕಾರು ಬಂಗಲೆ ಬರುತ್ತದೆ ಎಂದು ಸಾರುವುದಂತೂ ಶುದ್ಧ ಮೋಸ. ಬಡತನವೂ ಬೇಡ, ಐಶ್ವರ್ಯವೂ ಬೇಡ, ತಕ್ಕಷ್ಟು ಆಹಾರ ಕೊಡು ಎಂಬ ಜ್ಞಾನೋಕ್ತಿ 30:8 ಈ ಬೇಡಿಕೆಗೆ ಅಳತೆಗೋಲು.

ಪ್ರಾರ್ಥಿಸುವ ಕ್ರಮ ಹೀಗಿರಲಿ. ಇವತ್ತಿಗೆ ಬೇಕಾದದ್ದನ್ನು ಬಿಡಿಸಿ ಹೇಳಿ: ಗ್ಯಾಸ್, ಮಗುವಿನ ಫೀಸು, ಅಮ್ಮನ ಬಿ.ಪಿ. ಮಾತ್ರೆ. ಲೂಥರನ 1529ರ ಚಿಕ್ಕ ಪ್ರಶ್ನೋತ್ತರ ಪುಸ್ತಕ ‘ಆಹಾರ’ದ ಪಟ್ಟಿಯಲ್ಲಿ ಬಟ್ಟೆ, ಮನೆ, ಹೊಲ, ದನಕರು, ಒಳ್ಳೆಯ ಸರ್ಕಾರ, ಒಳ್ಳೆಯ ನೆರೆಹೊರೆ ಎಲ್ಲವನ್ನೂ ಸೇರಿಸುತ್ತದೆ, ಹೀಗಾಗಿ ಯಾವುದನ್ನೂ ಇದು ಸಣ್ಣದು ಎಂದು ಬಿಡಬೇಕಿಲ್ಲ. ಬಳಿಕ, ‘ನಮಗೆ’ ಎಂದು ಕೇಳಿದ್ದರಿಂದ, ಇವತ್ತು ಇಲ್ಲದವರು ಯಾರೆಂದು ಯೋಚಿಸಿ.

ಅದಕ್ಕೆ ಕೈಕೆಲಸವೂ ಬೇಕು. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರು 1910ರಿಂದ ನಡೆಸಿಕೊಂಡು ಬಂದ ಪದ್ಧತಿಯೊಂದಿದೆ, ಹಿಡಿ ಅಕ್ಕಿಯದು: ಅಡುಗೆಗೆ ಅಕ್ಕಿ ಅಳೆದಾಗಲೆಲ್ಲ ಒಂದು ಹಿಡಿ ಬೇರೆ ಡಬ್ಬಿಗೆ. ಇದನ್ನು ಯಾವ ಮನೆಯಲ್ಲೂ ಮಾಡಬಹುದು. ಒಂದು ಹಿಡಿ ಎಂದರೆ ಸುಮಾರು 40–50 ಗ್ರಾಂ. ದಿನಕ್ಕೆ ಎರಡು ಹೊತ್ತು ತೆಗೆದಿಟ್ಟರೆ ತಿಂಗಳಿಗೆ ಎರಡೂವರೆಯಿಂದ ಮೂರು ಕೆ.ಜಿ. ಆಗುತ್ತದೆ. ಗಮನಿಸಬೇಕಾದ್ದು ಇಷ್ಟೇ: ನೀವು ಉಣ್ಣುವ ಅಕ್ಕಿಯನ್ನೇ ಇಡಿ, ಬೇಡವಾದ ಅಕ್ಕಿಯನ್ನಲ್ಲ. ತಿಂಗಳ ಕೊನೆಗೆ ಕೊಟ್ಟುಬಿಡಿ; ಮೂರು ತಿಂಗಳು ಕೂಡಿಟ್ಟರೆ ನುಸಿ ಹಿಡಿಯುತ್ತದೆ. ಕೊಡುವಾಗ ಫೋಟೊ ಬೇಡ. ಮತ್ತಾಯ 6ನೇ ಅಧ್ಯಾಯ ಶುರುವಾಗುವುದೇ ಆ ಎಚ್ಚರಿಕೆಯಿಂದ.

ನಾವು ಕ್ಷಮಿಸಿದಂತೆ

ಇಡೀ ಪ್ರಾರ್ಥನೆಯಲ್ಲಿ ಅತ್ಯಂತ ಕಠಿಣವಾದ ಸಾಲು ಇದು, ಹೆಚ್ಚು ದುರುಪಯೋಗವಾಗಿರುವುದೂ ಇದೇ. ಪ್ರಾರ್ಥನೆ ಮುಗಿದ ಕೂಡಲೇ ಯೇಸು ಮತ್ತೆ ಎತ್ತಿಕೊಂಡು ವಿವರಿಸುವುದು ಇದೊಂದನ್ನೇ (14–15ನೇ ವಚನ). ನೀವು ಕ್ಷಮಿಸದಿದ್ದರೆ ತಂದೆಯೂ ಕ್ಷಮಿಸುವುದಿಲ್ಲ ಎಂಬ ಆ ಮಾತನ್ನು ಮೆತ್ತಗೆ ಮಾಡಲು ಆಗುವುದಿಲ್ಲ.

ಅಳತೆ ತಿಳಿಯಬೇಕಾದರೆ ಮತ್ತಾಯ 18:21–35 ಓದಿ. ಯೇಸು ಅಲ್ಲಿ ಹೇಳುವ ಕಥೆಯಲ್ಲಿ ಅರಸನಿಗೆ ಒಬ್ಬ ಆಳು ಕೊಡಬೇಕಾದ ಸಾಲ 10,000 ತಲಾಂತು. ಅವನಿಗೆ ಇನ್ನೊಬ್ಬ ಆಳು ಕೊಡಬೇಕಾದದ್ದು 100 ದೀನಾರಿ. ಒಂದು ದೀನಾರಿ ಒಂದು ದಿನದ ಕೂಲಿ. ಒಂದು ತಲಾಂತಿಗೆ ಸುಮಾರು 6,000 ದೀನಾರಿ. ಲೆಕ್ಕ ಹಾಕಿ: ಒಂದು ಕಡೆ 6 ಕೋಟಿ ದಿನದ ಕೂಲಿ, ಇನ್ನೊಂದು ಕಡೆ 100 ದಿನದ್ದು. ಆದರೆ 100 ದಿನದ ಕೂಲಿಯೂ ಸಣ್ಣ ಮೊತ್ತವಲ್ಲ, ಮೂರು ತಿಂಗಳ ದುಡಿಮೆ. ನಿಮಗಾದ ನಷ್ಟ ಏನೂ ಅಲ್ಲ ಎಂದು ಯೇಸು ಹೇಳುತ್ತಿಲ್ಲ.

ಈ ಸಾಲಿಗೆ ಕಾಗದ ಪೆನ್ನು ಇಟ್ಟುಕೊಳ್ಳಿ. ಒಬ್ಬರ ಹೆಸರು ಬರೆಯಿರಿ, ಒಬ್ಬರೇ ಸಾಕು. ಅವರು ನಿಮಗೆ ಏನು ಬಾಕಿ ಎಂದು ನಿಖರವಾಗಿ ಬರೆಯಿರಿ: ಹಿಂದಿರುಗಿಸದ ಹಣ, ಭಾಗದಲ್ಲಿ ತಪ್ಪಿಸಿದ ಜಮೀನು, ಮದುವೆ ಮನೆಯಲ್ಲಿ ನಾಲ್ಕು ಜನರ ಮುಂದೆ ಆಡಿದ ಮಾತು. ‘ತುಂಬಾ ನೋಯಿಸಿದರು’ ಎಂದು ಮಸುಕಾಗಿ ಬರೆದರೆ ಕ್ಷಮೆಯೂ ಮಸುಕಾಗಿಯೇ ಉಳಿಯುತ್ತದೆ. ನಂತರ ‘ಇದಕ್ಕೆ ಸೇಡು ತೀರಿಸಿಕೊಳ್ಳುವ ಹಕ್ಕನ್ನು ನಿನ್ನ ಕೈಗೆ ಬಿಟ್ಟಿದ್ದೇನೆ’ ಎಂದು ಬಾಯಿಬಿಟ್ಟು ಹೇಳಿ. ಹೇಳಲು ಆಗದಿದ್ದರೆ ನಟಿಸಬೇಡಿ, ಸಾಲನ್ನು ಹಾರಿಸಲೂ ಬೇಡಿ. ‘ಕ್ಷಮಿಸಲು ಮನಸ್ಸಿಲ್ಲ, ಮನಸ್ಸು ಕೊಡು’ ಎಂದರೆ ಅದೂ ಪ್ರಾರ್ಥನೆಯೇ. ಮರುದಿನ ಅದೇ ಹೆಸರನ್ನು ಮತ್ತೆ ಎತ್ತಿಕೊಳ್ಳಿ. ಒಂದೇ ಸಲಕ್ಕೆ ಆಗಿಬಿಡಬೇಕು ಎಂದು ತಿಳಿದವರು ಎರಡನೇ ದಿನ ಸಿಟ್ಟು ಮರಳಿದಾಗ ಎಲ್ಲವನ್ನೂ ಕೈಬಿಡುತ್ತಾರೆ. ಪೇತ್ರನಿಗೆ ಯೇಸು ಕೊಟ್ಟ ಲೆಕ್ಕ ಏಳಲ್ಲ, ಎಪ್ಪತ್ತೇಳು ಸಾರಿ ಎಂಬುದನ್ನು ಇಲ್ಲಿ ನೆನೆಯಿರಿ.

ಕಾಗದದ ಹಿಂಬದಿಯಲ್ಲಿ ನೀವು ಯಾರಿಗೆ ಬಾಕಿ ಎಂದೂ ಬರೆಯಿರಿ. ಅದು ಹಣವಾಗಿದ್ದರೆ ಪ್ರಾರ್ಥನೆಯಿಂದ ತೀರುವುದಿಲ್ಲ, ಹಿಂದಿರುಗಿಸಬೇಕು. ಮನಸ್ಸು ತಿರುಗಿದ ಸುಂಕದವನಾದ ಜಕ್ಕಾಯನು ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದ. ಕ್ಯಾಥೊಲಿಕರಿಗೆ ಈ ಹಿಂಬದಿಯೇ ಪಾಪನಿವೇದನೆಗೆ ಸಿದ್ಧತೆಯೂ ಆದೀತು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಹೊಡೆಯುವ ಗಂಡನ ಬಳಿಗೆ ‘ಕ್ಷಮಿಸಿ ವಾಪಸ್ ಹೋಗಮ್ಮ’ ಎಂದು ಹೆಣ್ಣುಮಗಳನ್ನು ಕಳಿಸಲು, ಮಗುವಿನ ಮೇಲೆ ಕೈಮಾಡಿದವನ ವಿರುದ್ಧದ ದೂರನ್ನು ಮುಚ್ಚಿಹಾಕಲು ಈ ಸಾಲನ್ನು ಬಳಸುವುದು ಪ್ರಾರ್ಥನೆಗೆ ಮಾಡುವ ಅಪಚಾರ. ಕ್ಷಮೆ ಬೇರೆ, ಮತ್ತೆ ಜೊತೆಗೂಡುವುದು ಬೇರೆ, ಕಾನೂನು ಬೇರೆ. ಸೇಡು ಬಿಟ್ಟವರು ದೂರು ಕೊಡಬಹುದು, ದೂರ ಇರಬಹುದು. ಮಹಿಳೆಯರಿಗೆ 181, ಮಕ್ಕಳಿಗೆ 1098, ತುರ್ತಿಗೆ 112 ಸಹಾಯವಾಣಿಗಳಿವೆ. ಸಭಾಪಾಲಕರೂ ಗುರುಗಳೂ ಇಂಥ ಸಂದರ್ಭದಲ್ಲಿ ಮೊದಲು ನೋಡಬೇಕಾದದ್ದು ಆಕೆ ಇವತ್ತು ರಾತ್ರಿ ಎಲ್ಲಿ ಸುರಕ್ಷಿತವಾಗಿ ಮಲಗುತ್ತಾಳೆ ಎಂಬುದನ್ನು.

ಶೋಧನೆಯೊಳಗೆ ಸೇರಿಸದೆ, ಕೇಡಿನಿಂದ ತಪ್ಪಿಸು

ದೇವರೇ ನಮ್ಮನ್ನು ಪಾಪಕ್ಕೆ ಎಳೆಯುತ್ತಾನೆಯೇ ಎಂಬ ಗೊಂದಲ ಇಲ್ಲಿ ಸಹಜ. ಯಾಕೋಬ 1:13 ಇಲ್ಲ ಎಂದು ಖಂಡಿತವಾಗಿ ಹೇಳುತ್ತದೆ. ತಾನಾಗಿ ನಿಲ್ಲುವ ಬಲ ನನಗಿಲ್ಲ, ಬೀಳುವ ಜಾಗಕ್ಕೆ ಹೋಗದಂತೆ ಕಾಯಿ ಎಂಬುದೇ ಈ ಬೇಡಿಕೆ. ಆದ್ದರಿಂದ ಜಾಗವನ್ನೂ ಹೊತ್ತನ್ನೂ ಹೆಸರಿಸಿ: ಸಂಬಳದ ದಿನ ಸಂಜೆ ಬಾರ್ ಇರುವ ರಸ್ತೆ, ರಾತ್ರಿ ಹನ್ನೊಂದರ ನಂತರದ ಮೊಬೈಲ್, ಆನ್‌ಲೈನ್ ಜೂಜಿನ ಆ್ಯಪ್, ಕಚೇರಿಯಲ್ಲಿ ಲಂಚದ ಕವರ್ ಬರುವ ಮೇಜು. ಹೆಸರಿಸಿದ ಮೇಲೆ ಅದಕ್ಕೆ ಒಂದು ತಡೆ ಹಾಕಿ: ಬೇರೆ ದಾರಿ ಹಿಡಿಯುವುದು, ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಇಡುವುದು, ಆ್ಯಪ್ ತೆಗೆದು ಹಾಕಿ ಸ್ನೇಹಿತರೊಬ್ಬರಿಗೆ ತಿಳಿಸುವುದು. ಕುಡಿತ ಚಟವಾಗಿ ಬೇರೂರಿದ್ದರೆ ಪ್ರಾರ್ಥನೆಯ ಜೊತೆಗೆ ವೈದ್ಯರ ಚಿಕಿತ್ಸೆಯೂ ಬೇಕು. ಬಹಳ ಕಾಲದ ಕುಡಿತವನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು.

ಕೊನೆಯ ಸ್ತುತಿ, ಮತ್ತು ಎಲ್ಲರೂ ಸೇರಿ ಹೇಳುವಾಗ

‘ರಾಜ್ಯವೂ ಬಲವೂ ಮಹಿಮೆಯೂ ನಿನ್ನವೇ’ ಎಂಬ ಭಾಗ ಮತ್ತಾಯದ ಅತಿ ಹಳೆಯ ಪೂರ್ಣ ಹಸ್ತಪ್ರತಿಗಳಲ್ಲಿ ಇಲ್ಲ. 4ನೇ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಪ್ರತಿಗಳು ‘ಕೇಡಿನಿಂದ ತಪ್ಪಿಸು’ ಎಂಬಲ್ಲಿಗೇ ನಿಲ್ಲುತ್ತವೆ. ಆದರೆ ದಿದಖೆಯಲ್ಲಿ ಆಗಲೇ ಇಂಥ ಸ್ತುತಿ ಇದೆ, ದಾವೀದನ ಪ್ರಾರ್ಥನೆಯಲ್ಲೂ (1 ಪೂರ್ವಕಾಲವೃತ್ತಾಂತ 29:11) ಇದರ ಮಾತುಗಳಿವೆ. ಹೇಳುವವರೂ ಸರಿ, ನಿಲ್ಲಿಸುವವರೂ ಸರಿ. ಬಲಿಪೂಜೆಯಲ್ಲಿ ನಡುವೆ ಗುರುಗಳ ಒಂದು ಪ್ರಾರ್ಥನೆ ಬಂದು, ಆಮೇಲೆ ಜನರೆಲ್ಲ ಈ ಸ್ತುತಿಯನ್ನು ಹೇಳುತ್ತಾರೆ. ಎರಡೂ ಕಡೆಯವರು ಸೇರುವ ಕ್ರಿಸ್‌ಮಸ್ ಕೂಟದಲ್ಲೋ ಮದುವೆಯಲ್ಲೋ ಅರ್ಧ ಜನ ನಿಂತು ಅರ್ಧ ಜನ ಮುಂದುವರಿದು ತಡವರಿಸುವುದು ಇದರಿಂದಲೇ. ನಡೆಸುವವರು ಮೊದಲೇ ‘ಕೊನೆಯ ಸ್ತುತಿಯವರೆಗೆ ಹೇಳೋಣ’ ಎಂದರೆ ಸಾಕು. ವೇಗವನ್ನು ಮೈಕಿನವರು ನಿರ್ಧರಿಸಬಾರದು, ಸಭೆಯ ಹಿರಿಯರ ಉಸಿರಿಗೆ ತಕ್ಕಂತೆ ಇರಲಿ.

ರೋಗಿಯ ಹಾಸಿಗೆಯ ಬಳಿ ಒಂದೊಂದು ಸಾಲಿನ ನಂತರ ನಿಲ್ಲಿಸಿ, ಅವರಿಗೆ ಚಿಕ್ಕಂದಿನಲ್ಲಿ ಕಲಿತ ಭಾಷೆಯಲ್ಲೇ ಹೇಳಿ: ಕೊಂಕಣಿಯಾದರೆ ಕೊಂಕಣಿ, ತುಳುವಾದರೆ ತುಳು, ತಮಿಳಾದರೆ ತಮಿಳು. ಮರೆವಿನ ಕಾಯಿಲೆ ಇರುವವರಿಗೂ ಎಷ್ಟೋ ಸಲ ಈ ಮಾತುಗಳು ಬಾಯಿಗೆ ಬರುತ್ತವೆ. ತೀರಾ ಸುಸ್ತಾದವರಿಗೆ ‘ನಮ್ಮ ತಂದೆಯೇ’ ಒಂದೇ ಸಾಕು.

ಮನಸ್ಸು ಹರಿದರೆ, ಮಕ್ಕಳಿಗೆ ಕಲಿಸುವುದಾದರೆ

ಮನಸ್ಸು ಎಲ್ಲಿಗೋ ಹೋಗಿದೆ ಎಂದು ಗೊತ್ತಾದಾಗ ಮೊದಲಿನಿಂದ ಶುರುಮಾಡಬೇಡಿ; ಹಾಗೆ ಮಾಡಿದರೆ ಮೊದಲ ಎರಡು ಸಾಲು ಮಾತ್ರ ಪಳಗಿ ಕೊನೆಯವು ಎಂದೂ ಕೈಗೆ ಸಿಗುವುದಿಲ್ಲ. ಬಿಟ್ಟ ಸಾಲಿನಿಂದಲೇ ಹಿಡಿಯಿರಿ. ಯಾವ ಯೋಚನೆ ಎಳೆದುಕೊಂಡು ಹೋಯಿತೋ ಅದನ್ನು ಸೂಕ್ತ ಬೇಡಿಕೆಗೆ ಸೇರಿಸಿ. ಇ.ಎಂ.ಐ. ಚಿಂತೆಯಾದರೆ ಆಹಾರದ ಸಾಲಿಗೆ, ಓರಗಿತ್ತಿಯ ಮೇಲಿನ ಕೋಪವಾದರೆ ಕ್ಷಮೆಯ ಸಾಲಿಗೆ. ದಿನಕ್ಕೆ ಇಪ್ಪತ್ತು ನಿಮಿಷ ಸಿಗದವರು ವಾರಕ್ಕೆ ಹಂಚಿಕೊಳ್ಳಿ: ಏಳು ಬೇಡಿಕೆ, ಏಳು ದಿನ, ದಿನಕ್ಕೆ ಐದು ನಿಮಿಷ.

ಸಂಡೇ ಸ್ಕೂಲಿನಲ್ಲಿ ಒಂದೇ ದಿನ ಪೂರ್ತಿ ಬಾಯಿಪಾಠ ಮಾಡಿಸಬೇಡಿ. ಎಂಟು ವಾರ ತೆಗೆದುಕೊಳ್ಳಿ: ಸಂಬೋಧನೆಗೆ ಒಂದು ವಾರ, ಬೇಡಿಕೆಗಳಿಗೆ ಏಳು. ಪ್ರತಿ ವಾರ ಆ ಸಾಲಿಗೆ ಸೇರಿದ ಒಂದು ಕೆಲಸ ಕೊಡಿ. ಆಹಾರದ ವಾರ ತಟ್ಟೆಯಲ್ಲಿ ಅನ್ನ ಬಿಡದಿರುವುದು ಮತ್ತು ಹಿಡಿ ಅಕ್ಕಿ ತರುವುದು, ಕ್ಷಮೆಯ ವಾರ ಜಗಳವಾಡಿದ ಗೆಳೆಯನ ಹತ್ತಿರ ಮಾತಾಡುವುದು. ‘ಎಣಿಸಲ್ಪಡಲಿ’, ‘ಶೋಧನೆ’, ‘ದಯಪಾಲಿಸು’ ಎಂಬಂಥ ಮಾತುಗಳನ್ನು ಮಕ್ಕಳು ತಪ್ಪಾಗಿ ಕೇಳಿಸಿಕೊಂಡು ಹಾಗೆಯೇ ಹೇಳುತ್ತ ಬೆಳೆಯುತ್ತಾರೆ. ಒಬ್ಬೊಬ್ಬರಿಂದ ಬಿಡಿಬಿಡಿಯಾಗಿ ಹೇಳಿಸಿ ತಿದ್ದಿ. ಬೇಗ ಹೇಳಿದವರಿಗೆ ಬಹುಮಾನ ಇಡುವುದನ್ನು ಮಾತ್ರ ನಿಲ್ಲಿಸಿ. ಆ ವೇಗವನ್ನು ಇಳಿಸಲು ಮುಂದೆ ಬಹಳ ವರ್ಷ ಬೇಕಾಗುತ್ತದೆ.